75 ರೂಪಾಯಿ ಪಗಾರದ ಮಾಸ್ತರರು, ಬಡವರ ಶಾಲೆಗೆ ಖಜಾನೆ ಕೇಳಿದರು: ಗೋಪಾಲಕೃಷ್ಣ ಗೋಖಲೆ ನೆನಪು

ನಿಪ್ಪಾಣಿ: ನಮ್ಮೂರಿಂದ ಕೊಲ್ಹಾಪುರದ ಕಡೆ ಹೈವೇ ಹಿಡಿದು ಹೊರಟರೆ ಕೊಗನೊಳ್ಳಿ ಟೋಲ್ ದಾಟಿದ ಸ್ವಲ್ಪ ಹೊತ್ತಿಗೇ ಕಾಗಲ ಬರುತ್ತದೆ. ವ್ಯಾಪಾರಕ್ಕೆ, ದವಾಖಾನೆಗೆ, ಬೀಗರ ಮನೆಗೆ ಅಂತ ನಮ್ಮ ತಾಲೂಕಿನ ಎಷ್ಟೋ ಜನ ಆ ಊರು ದಾಟಿ ಹೋಗುವವರೇ. ಸುಮಾರು ನೂರೈವತ್ತು ವರ್ಷದ ಹಿಂದೆ ಅದೇ ಕಾಗಲದಲ್ಲಿ ಒಬ್ಬ ಬಡ ನೌಕರನ ಮಗ ಅಕ್ಷರ ಕಲಿಯುತ್ತಿದ್ದ. ಆ ಹುಡುಗ ಮುಂದೆ ಪುಣೆಯಲ್ಲಿ ಮಾಸ್ತರನಾದ, ಅಲ್ಲಿಂದ ವೈಸ್‌ರಾಯ್ ಕೂರುವ ಸಭೆಗೆ ಹೋದ, ದೇಶದ ಪ್ರತಿ ಮಗುವಿಗೂ ಶಾಲೆ ಬೇಕು, ಅದರ ಖರ್ಚು ಸರ್ಕಾರ ಹೊರಬೇಕು ಅಂತ ಕೇಳಿದ.

ಆ ಹುಡುಗನೇ ಗೋಪಾಲಕೃಷ್ಣ ಗೋಖಲೆ. ಗಾಂಧೀಜಿಯವರ ರಾಜಕೀಯ ಗುರು ಅಂತ ಪಠ್ಯಪುಸ್ತಕದಲ್ಲಿ ಒಂದು ಸಾಲು ಓದಿರುತ್ತೇವೆ, ಅಲ್ಲಿಗೆ ಮುಗಿಯುತ್ತದೆ. ಅವರು ತೀರಿಕೊಂಡಿದ್ದು 1915ರ ಫೆಬ್ರುವರಿ 19ರಂದು. ಸರ್ಕಾರಿ ಶಾಲೆ, ಮಾಸ್ತರರ ಪಗಾರ, ಸರ್ಕಾರದ ದುಡ್ಡು ಈ ಮೂರರ ಬಗ್ಗೆ ಅವರು ಎತ್ತಿದ ಪ್ರಶ್ನೆ ಇವತ್ತಿಗೂ ನಮ್ಮ ಊರುಗಳಲ್ಲಿ ಹಾಗೇ ಇದೆ. ಅದಕ್ಕೇ ಅವರ ಜೀವನವನ್ನು ಆ ದಾರಿಯಿಂದಲೇ ಒಮ್ಮೆ ನೋಡೋಣ.

ಅಣ್ಣನ 15 ರೂಪಾಯಿ, ತಮ್ಮನಿಗೆ 8

ಗೋಖಲೆ ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಕೃಷ್ಣರಾವ್ ಹೊಟ್ಟೆಪಾಡಿಗೆ ಕಾಗಲಕ್ಕೆ ಬಂದರು. ಕಾಗಲ ಆಗ ಕೊಲ್ಹಾಪುರ ಸಂಸ್ಥಾನದ ಕೆಳಗಿದ್ದ ಸಣ್ಣ ಜಹಗೀರು. ಮೊದಲು ಕಾರಕೂನರಾಗಿದ್ದ ಕೃಷ್ಣರಾವ್ ಆಮೇಲೆ ಫೌಜದಾರ ಹುದ್ದೆಗೆ ಏರಿದರು. ಹುದ್ದೆಯ ಹೆಸರು ದೊಡ್ಡದು, ಪಗಾರ ಸಣ್ಣದು. ಮನೆಯಲ್ಲಿ ಉಣ್ಣುವ ಬಾಯಿ ಬಹಳ.

ಕಾಗಲದಲ್ಲಿ ಮೊದಲ ಓದು ಮುಗಿಸಿ ಗೋಪಾಲ ಅಣ್ಣ ಗೋವಿಂದನ ಜೊತೆ ಕೊಲ್ಹಾಪುರಕ್ಕೆ ಹೋದ. 1879ರಲ್ಲಿ ತಂದೆ ತೀರಿಕೊಂಡರು. ಗೋಪಾಲನಿಗೆ ಆಗ 13 ವರ್ಷ. ಇಬ್ಬರೂ ಓದುವುದು ಸಾಧ್ಯವೇ ಇರಲಿಲ್ಲ. ಅಣ್ಣ ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿಗೆ ಸೇರಿದ. ಆ 15ರಲ್ಲಿ 8 ರೂಪಾಯಿ ತಮ್ಮನ ಓದಿಗೆ ಹೋಗುತ್ತಿತ್ತು, ಉಳಿದ 7ರಲ್ಲಿ ಮನೆ ನಡೆಯಬೇಕು. ಅಂದ್ರೆ ಅರ್ಧಕ್ಕಿಂತ ಹೆಚ್ಚು ದುಡಿಮೆ ಒಬ್ಬ ಹುಡುಗನ ಶಾಲೆಗೆ.

ನಮ್ಮಲ್ಲೂ ಇಂಥ ಅಣ್ಣಂದಿರು ಕಡಿಮೆ ಇಲ್ಲ. ತಮ್ಮ ಓದಲಿ ಅಂತ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಗ್ಯಾರೇಜಿಗೆ ಸೇರಿದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಮಗು ಓದಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಓದು ಬಿಡಬೇಕು ಎನ್ನುವ ಸ್ಥಿತಿ ಏನು ಅಂತ ಗೋಖಲೆಗೆ ಪುಸ್ತಕದಿಂದ ತಿಳಿದಿದ್ದಲ್ಲ.

1881ರಲ್ಲಿ ಮ್ಯಾಟ್ರಿಕ್ ಆಯಿತು. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಓದಿ, ಕೊನೆಗೆ ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು ಸೇರಿ 1884ರಲ್ಲಿ ಬಿ.ಎ. ಪಾಸಾದರು. ಕೊನೆಯ ವರ್ಷ ತಿಂಗಳಿಗೆ 20 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತ್ತು. ವಯಸ್ಸು ಬರೀ 18. ಆ ಕಾಲದಲ್ಲಿ ಬಿ.ಎ. ಅಂದ್ರೆ ಸರ್ಕಾರಿ ನೌಕರಿಯ ಬಾಗಿಲು ತೆರೆದ ಹಾಗೆ. ಮನೆಯವರ ಕಷ್ಟ ತೀರುವ ಹೊತ್ತು ಬಂತು ಅಂತ ಯಾರಾದರೂ ಅಂದುಕೊಳ್ಳುತ್ತಿದ್ದರು.

20 ವರ್ಷ ಇದೇ ಪಗಾರ ಅಂತ ಮಾತು ಕೊಟ್ಟರು

ಆಗಿದ್ದೇ ಬೇರೆ. ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ, ತಿಲಕ, ಆಗರಕರ ಮುಂತಾದವರು 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಶುರು ಮಾಡಿದ್ದರು. ಅದನ್ನು ನಡೆಸಲು 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ಹುಟ್ಟಿತು, 1885ರಲ್ಲಿ ಫರ್ಗ್ಯುಸನ್ ಕಾಲೇಜು ತೆರೆಯಿತು. ಗೋಖಲೆ ಆ ಶಾಲೆಗೆ ತಿಂಗಳಿಗೆ 35 ರೂಪಾಯಿ ಪಗಾರದ ಮಾಸ್ತರರಾಗಿ ಸೇರಿದರು. 1886ರಲ್ಲಿ ಸೊಸೈಟಿಯ ಆಜೀವ ಸದಸ್ಯರಾದರು.

ಆಜೀವ ಸದಸ್ಯ ಅಂದ್ರೆ ಬರೀ ಗೌರವದ ಹೆಸರಲ್ಲ, ಅದೊಂದು ಕರಾರು. 20 ವರ್ಷ ಇಲ್ಲೇ ಕಲಿಸಬೇಕು. ಪಗಾರ ಏರಿದರೂ ತಿಂಗಳಿಗೆ 75 ರೂಪಾಯಿ ದಾಟುವುದಿಲ್ಲ. ಗೋಖಲೆ ಒಪ್ಪಿಕೊಂಡರು. ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ ಯಾವುದನ್ನು ಕಲಿಸು ಅಂದರೂ ಕಲಿಸಿದರು. ಅವರು ಬರೆದ ಅಂಕಗಣಿತದ ಪುಸ್ತಕ ಬಹಳ ವರ್ಷ ಶಾಲೆಗಳಲ್ಲಿ ನಡೆಯಿತು, ಅದರಿಂದ ಬಂದ ಹಣ ಮನೆಗೆ ಆಸರೆಯಾಯಿತು.

ಕಲಿಸುವುದರ ಜೊತೆಗೆ ಚಂದಾ ಎತ್ತುವ ಕೆಲಸವೂ ಅವರ ಹೆಗಲಿಗೆ ಬಿತ್ತು. ಸೊಸೈಟಿಯ ಕಾರ್ಯದರ್ಶಿಯಾಗಿ ಕಾಲೇಜಿನ ಕಟ್ಟಡಕ್ಕೆ ಊರೂರು ತಿರುಗಿ ಹಣ ಕೂಡಿಸಿದರು. ರಜೆ ಬಂತಂದ್ರೆ ಬೇರೆಯವರು ಊರಿಗೆ ಹೋದರೆ ಇವರು ದಾನಿಗಳ ಬಾಗಿಲಿಗೆ. ಕೊಟ್ಟವರೂ ಇದ್ದರು, ಕಾಯಿಸಿ ಬರಿಗೈಯಲ್ಲಿ ಕಳಿಸಿದವರೂ ಇದ್ದರು. ಶಾಲೆಯ ಬಣ್ಣಕ್ಕೆ, ಫ್ಯಾನಿಗೆ, ಕಾಂಪೌಂಡಿಗೆ ಅಂತ ಎಸ್‌ಡಿಎಂಸಿಯವರು ಪಾವತಿ ಪುಸ್ತಕ ಹಿಡಿದು ಅಂಗಡಿಗೆ ಬರುವುದು ಗೊತ್ತಿರುವ ನಮ್ಮ ವ್ಯಾಪಾರಸ್ಥರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ದೇಶಭಕ್ತರ ನಡುವೆಯೂ ಪಗಾರದ ಜಗಳ

ತ್ಯಾಗ ಅಂದರೂ ಹೊಟ್ಟೆ ಕೇಳುವುದಿಲ್ಲ. ಆ ಸೊಸೈಟಿಯಲ್ಲಿ ದೊಡ್ಡ ದೊಡ್ಡವರೇ ಇದ್ದರು, ಆದರೂ ಪಗಾರದ ವಿಷಯಕ್ಕೆ ಜಗಳ ಬಂತು. ಸಂಸಾರ ಬೆಳೆಯುತ್ತಿದೆ, ಈ ದುಡ್ಡು ಸಾಲುವುದಿಲ್ಲ ಎನ್ನುವವರು ಒಂದು ಕಡೆ. ತ್ಯಾಗ ಮಾಡುತ್ತೇವೆ ಅಂತ ಬಂದ ಮೇಲೆ ಪಗಾರ ಏರಿಸುವ ಮಾತು ಬೇಡ, ಹೊರಗೆ ದುಡಿದಿದ್ದೂ ಸಂಸ್ಥೆಗೇ ಸೇರಬೇಕು ಎನ್ನುವ ತಿಲಕರು ಇನ್ನೊಂದು ಕಡೆ. 1890ರಲ್ಲಿ ಗೋಖಲೆ ಸಾರ್ವಜನಿಕ ಸಭೆಯ ಕಾರ್ಯದರ್ಶಿ ಕೆಲಸವನ್ನೂ ಒಪ್ಪಿಕೊಂಡಾಗ, ಸಂಸ್ಥೆಗೆ ಕೊಡಬೇಕಾದ ಸಮಯ ಹೊರಗೆ ಹೋಗುತ್ತದೆ ಅಂತ ತಿಲಕರು ವಿರೋಧಿಸಿದರು. ಅದೇ ವರ್ಷದ ಕೊನೆಗೆ ತಿಲಕರು ಸೊಸೈಟಿಯನ್ನೇ ಬಿಟ್ಟು ಹೋದರು.

ಯಾರು ಸರಿ, ಯಾರು ತಪ್ಪು ಎಂಬ ಚರ್ಚೆ ಈಗ ಬೇಡ. ಇಬ್ಬರೂ ಹಣಕ್ಕೆ ಆಸೆಪಟ್ಟವರಲ್ಲ. ಆದರೆ ಇದರಿಂದ ಒಂದು ಮಾತು ಗೊತ್ತಾಗುತ್ತದೆ. ಮನಸ್ಸಿಟ್ಟು ಕಲಿಸುವ ಐದಾರು ಜನರ ತ್ಯಾಗದಿಂದ ಒಂದು ಶಾಲೆ ನಡೆಸಬಹುದು, ಅದೂ ಜಗಳ ಕಟ್ಟಿಕೊಂಡು. ಲಕ್ಷಾಂತರ ಹಳ್ಳಿಗಳ ಶಾಲೆ ಹಾಗೆ ನಡೆಯುವುದಿಲ್ಲ.

ಗೋಖಲೆ 1902ರ ತನಕ ಕಾಲೇಜಿನಲ್ಲೇ ಇದ್ದರು. ಬಿಟ್ಟಾಗ ಸಿಕ್ಕ ಪಿಂಚಣಿ ತಿಂಗಳಿಗೆ 30 ರೂಪಾಯಿ. ಸೇರಿದಾಗ ಇದ್ದ ಪಗಾರಕ್ಕಿಂತ 5 ರೂಪಾಯಿ ಕಡಿಮೆ.

ಬಜೆಟ್ ಓದಲು ಕಲಿಸಿದ ಗುರು

ಇಷ್ಟರ ನಡುವೆ ಅವರಿಗೆ ಇನ್ನೊಂದು ಶಾಲೆ ಸಿಕ್ಕಿತ್ತು, ಅದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರದು. ಸರ್ಕಾರದ ವರದಿ, ಜಮಾಖರ್ಚಿನ ಪಟ್ಟಿ ಮುಂದಿಟ್ಟುಕೊಂಡು ಅಂಕಿ ಅಂಕಿಯನ್ನೂ ಹೇಗೆ ಓದಬೇಕು ಅಂತ ರಾನಡೆ ತಿದ್ದಿ ತೀಡಿದರು. 1897ರಲ್ಲಿ ಭಾರತದ ಖರ್ಚುವೆಚ್ಚ ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಗೋಖಲೆ ಇಂಗ್ಲೆಂಡಿಗೆ ಹೋದರು. ಆಮೇಲೆ ಮುಂಬೈ ಪ್ರಾಂತ್ಯದ ಶಾಸನಸಭೆ, ಅಲ್ಲಿಂದ ವೈಸ್‌ರಾಯ್ ಅವರ ಕೇಂದ್ರ ಶಾಸನಸಭೆ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆಯೆಲ್ಲ ಆಗ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಹೀಗಾಗಿ ನಮ್ಮ ಪ್ರಾಂತ್ಯದ ಪರವಾಗಿಯೇ ಅವರು ಅಲ್ಲಿ ಕೂತಿದ್ದರು ಅನ್ನಬಹುದು.

1902ರ ಮಾರ್ಚ್ 26ರಂದು ಅವರು ಮಾಡಿದ ಬಜೆಟ್ ಭಾಷಣ ಹೆಸರಾಯಿತು. ಸರ್ಕಾರ ಆ ವರ್ಷ ಕೋಟಿಗಟ್ಟಲೆ ಉಳಿತಾಯ ತೋರಿಸಿ ಬೆನ್ನು ತಟ್ಟಿಕೊಂಡಿತ್ತು. ಗೋಖಲೆ ಅದನ್ನೇ ತಿರುಗಿಸಿ ಹಿಡಿದರು. ಈಗಷ್ಟೇ ಬರಗಾಲ ಕಂಡ ದೇಶ, ಜನ ಉಪ್ಪಿಗೂ ತೆರಿಗೆ ಕಟ್ಟುತ್ತಿದ್ದಾರೆ, ಹೀಗಿರುವಾಗ ಖಜಾನೆಯಲ್ಲಿ ದುಡ್ಡು ಉಳಿದಿದೆ ಅಂದ್ರೆ ಜನರ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚು ಕಿತ್ತುಕೊಂಡಿದ್ದೀರಿ ಅಂತ ಅರ್ಥ ಎಂಬುದು ಅವರ ವಾದ. ಸೈನ್ಯಕ್ಕೆ ಸುರಿಯುವ ಹಣದ ಮುಂದೆ ಶಾಲೆಗೆ ಕೊಡುವುದು ಏನೇನೂ ಅಲ್ಲ ಅಂತ ಅವರು ವರ್ಷ ವರ್ಷವೂ ಅಂಕಿ ಸಮೇತ ಹೇಳುತ್ತ ಬಂದರು.

ಇದು ಬರೀ ಗಾಳಿಗೆ ಹೋದ ಮಾತಲ್ಲ. 1903ರಲ್ಲಿ ಉಪ್ಪಿನ ತೆರಿಗೆ ಇಳಿಯಿತು, ಮುಂದೆ ಇನ್ನೂ ಎರಡು ಸಲ ಇಳಿಯಿತು. ಆದಾಯ ತೆರಿಗೆ ಕಟ್ಟಬೇಕಾದ ಮಿತಿ ವರ್ಷಕ್ಕೆ 500 ರೂಪಾಯಿ ಇದ್ದಿದ್ದು 1,000ಕ್ಕೆ ಏರಿತು. ಇವೆರಡೂ ಗೋಖಲೆ ಪಟ್ಟು ಹಿಡಿದು ಕೇಳಿದ್ದ ಬೇಡಿಕೆಗಳೇ. ಸಣ್ಣ ಸಣ್ಣ ಅಂಗಡಿಕಾರರಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿತು.

ಒಬ್ಬರ ತಲೆಗೆ ಒಂದು ಆಣೆ

1910ರ ಮಾರ್ಚ್ 18ರಂದು ಗೋಖಲೆ ಸಭೆಯಲ್ಲಿ ಒಂದು ಠರಾವು ಮಂಡಿಸಿದರು. ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡುವ ಕೆಲಸ ಶುರು ಮಾಡಿ ಅಂತ. ಪರಿಶೀಲಿಸುತ್ತೇವೆ ಅಂತ ಸರ್ಕಾರ ಹೇಳಿದ ಮೇಲೆ ಠರಾವು ವಾಪಸ್ ಪಡೆದರು. ಅದೇ ವರ್ಷ ಭಾರತ ಸರ್ಕಾರದಲ್ಲಿ ಶಿಕ್ಷಣಕ್ಕೆ ಅಂತಲೇ ಬೇರೆ ಇಲಾಖೆ ಆಯಿತು. ಆದರೆ ಕಡ್ಡಾಯ ಶಿಕ್ಷಣದ ಸುದ್ದಿ ಇಲ್ಲ. 1911ರ ಮಾರ್ಚ್ 16ರಂದು ತಾವೇ ಮಸೂದೆ ತಂದರು.

ಆಗ ಅವರು ಮುಂದಿಟ್ಟ ಲೆಕ್ಕ ಹೀಗಿತ್ತು. ಅಮೆರಿಕದಲ್ಲಿ ಒಟ್ಟು ಜನಸಂಖ್ಯೆಯ ಶೇ. 21ರಷ್ಟು ಮಂದಿ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಜಪಾನಿನಲ್ಲಿ ಶೇ. 11. ಬ್ರಿಟಿಷ್ ಭಾರತದಲ್ಲಿ ಶೇ. 1.9 ಮಾತ್ರ. ಶಾಲೆಗಾಗಿ ಇಂಗ್ಲೆಂಡಿನಲ್ಲಿ ತಲೆಗೆ 10 ಶಿಲ್ಲಿಂಗ್ ಖರ್ಚಾದರೆ ಇಲ್ಲಿ ಕಷ್ಟಪಟ್ಟು ಒಂದು ಪೆನ್ನಿ. ಆಗಿನ ದರದಲ್ಲಿ ಒಂದು ಪೆನ್ನಿ ಅಂದ್ರೆ ಒಂದು ಆಣೆ. 10 ಶಿಲ್ಲಿಂಗ್ ಅಂದ್ರೆ ಏಳೂವರೆ ರೂಪಾಯಿ. ಅಲ್ಲಿ 120 ಆಣೆ, ಇಲ್ಲಿ 1 ಆಣೆ. ಎರಡೂ ಕಡೆ ಆಳುವವರು ಮಾತ್ರ ಒಬ್ಬರೇ.

ನಮ್ಮದು ಬಡ ದೇಶ, ಆಗುವುದಿಲ್ಲ ಎನ್ನುವವರಿಗೆ ಬಡೋದೆಯನ್ನು ತೋರಿಸಿದರು. ಅಲ್ಲಿನ ಮಹಾರಾಜ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಭಾಗದಲ್ಲಿ ಕಡ್ಡಾಯ ಶಿಕ್ಷಣ ಮಾಡಿ ನೋಡಿ, 1906ರಲ್ಲಿ ಇಡೀ ಸಂಸ್ಥಾನಕ್ಕೆ ತಂದಿದ್ದರು. ಅಲ್ಲಿ ಜನಸಂಖ್ಯೆಯ ಶೇ. 8.6ರಷ್ಟು ಶಾಲೆಯಲ್ಲಿದ್ದರು, ಖರ್ಚು ತಲೆಗೆ ಆರೂವರೆ ಆಣೆ. ಒಬ್ಬ ದೇಶೀ ರಾಜ ಮಾಡಿದ್ದನ್ನು ಇಷ್ಟು ದೊಡ್ಡ ಸರ್ಕಾರ ಯಾಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಯಾರ ಹತ್ತಿರವೂ ನೆಟ್ಟಗೆ ಉತ್ತರ ಇರಲಿಲ್ಲ.

ಮಸೂದೆಯಲ್ಲಿ ಏನಿತ್ತು?

ಓದಿದರೆ ಆಶ್ಚರ್ಯ ಆಗುತ್ತದೆ, ಅಷ್ಟು ನಯವಾದ ಮಸೂದೆ. ಒಂದೇ ಸಲಕ್ಕೆ ದೇಶಕ್ಕೆಲ್ಲ ಅಲ್ಲ. ಈಗಾಗಲೇ ಒಂದಿಷ್ಟು ಮಕ್ಕಳು ಶಾಲೆಗೆ ಬರುತ್ತಿರುವ ಕಡೆ, ಅಲ್ಲಿನ ಮುನ್ಸಿಪಾಲಿಟಿ ಅಥವಾ ಜಿಲ್ಲಾ ಬೋರ್ಡು ಬೇಕು ಅಂದರೆ, ಸರ್ಕಾರದ ಒಪ್ಪಿಗೆ ಪಡೆದು ಜಾರಿ ಮಾಡಬಹುದು. 6ರಿಂದ 10 ವರ್ಷದ ಗಂಡುಮಕ್ಕಳಿಗೆ ಮೊದಲು, ಹೆಣ್ಣುಮಕ್ಕಳಿಗೆ ಆಮೇಲೆ. ಮನೆಯಿಂದ ಒಂದು ಮೈಲಿ ಒಳಗೆ ಶಾಲೆ ಇಲ್ಲದಿದ್ದರೆ ಕಡ್ಡಾಯ ಇಲ್ಲ. ಸುಗ್ಗಿ, ಬಿತ್ತನೆ ಅಂತ ಹೊಲದ ಕೆಲಸ ಇದ್ದಾಗ ಮಗು ಬರದಿದ್ದರೆ ಅದಕ್ಕೂ ರಿಯಾಯಿತಿ. ತಿಂಗಳಿಗೆ 10 ರೂಪಾಯಿ ಒಳಗೆ ಆದಾಯ ಇರುವ ಮನೆಯ ಮಕ್ಕಳಿಗೆ ಫೀ ಇಲ್ಲ.

ಖರ್ಚಿನಲ್ಲಿ ಮೂರು ಪಾಲು ಮಾಡಿ, ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದ್ದು ಅಂತ ಗೋಖಲೆ ಲೆಕ್ಕ ಹಾಕಿದ್ದರು. ಸ್ಥಳೀಯ ಸಂಸ್ಥೆಗಳು ಶಿಕ್ಷಣಕ್ಕೆ ಅಂತ ಬೇರೆ ಸೆಸ್ ಹಾಕಲೂ ಅವಕಾಶ ಇತ್ತು. ಅಂದ್ರೆ ಜನರೂ ಕೊಡಬೇಕು, ಆದರೆ ದೊಡ್ಡ ಭಾರ ಖಜಾನೆಯ ಮೇಲೆ. ಸ್ವತಃ 20 ವರ್ಷದ ತ್ಯಾಗಕ್ಕೆ ಒಪ್ಪಿಕೊಂಡಿದ್ದ ಮನುಷ್ಯ ದೇಶದ ಶಾಲೆಗಳನ್ನು ತ್ಯಾಗದ ಮೇಲೆ, ಚಂದಾ ಪುಸ್ತಕದ ಮೇಲೆ ಬಿಡಲಿಲ್ಲ. ಬಜೆಟ್ಟಿನಲ್ಲಿ ಜಾಗ ಕೇಳಿದರು.

ಒಂದು ಕೊರತೆಯನ್ನೂ ಹೇಳಲೇಬೇಕು. ಹೆಣ್ಣುಮಕ್ಕಳನ್ನು ಆಮೇಲೆ ನೋಡೋಣ ಅಂದಿದ್ದು ಸಣ್ಣ ವಿಷಯವಲ್ಲ. ಅದೇ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ 1848ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು.

38 ವಿರುದ್ಧ 13

ಇಷ್ಟು ಮೆತ್ತಗಿನ ಮಸೂದೆಗೂ ಜೋರು ವಿರೋಧ ಬಂತು. ಎಲ್ಲ ಮಕ್ಕಳೂ ಶಾಲೆಗೆ ಹೋದರೆ ಹೊಲಕ್ಕೆ ಆಳು ಎಲ್ಲಿ ಎಂಬುದು ದೊಡ್ಡ ಜಮೀನ್ದಾರರ ಚಿಂತೆ. ಹಣ ಇಲ್ಲ, ಜನ ಇದಕ್ಕೆ ಇನ್ನೂ ತಯಾರಿಲ್ಲ ಎಂಬುದು ಅಧಿಕಾರಿಗಳ ಮಾತು. ಮಾಳವೀಯ, ಜಿನ್ನಾ ಮುಂತಾದವರು ಗೋಖಲೆ ಪರ ನಿಂತರು. 1912ರ ಮಾರ್ಚ್‌ನಲ್ಲಿ ಎರಡು ದಿನ ಚರ್ಚೆ ನಡೆದು ಮತಕ್ಕೆ ಹಾಕಿದಾಗ ಪರವಾಗಿ 13, ವಿರುದ್ಧ 38. ಮಸೂದೆ ಬಿತ್ತು. ಬೀಳುತ್ತದೆ ಅಂತ ಗೋಖಲೆಗೆ ಮೊದಲೇ ಗೊತ್ತಿತ್ತು. ನಮ್ಮ ತಲೆಮಾರು ಸೋತೇ ದೇಶಸೇವೆ ಮಾಡಬೇಕು ಎಂಬ ಅರ್ಥದ ಮಾತನ್ನು ಸಭೆಯಲ್ಲೇ ಆಡಿದ್ದರು.

ಮುಂದಿನ ವರ್ಷ, 1913ರ ಫೆಬ್ರುವರಿಯಲ್ಲಿ, ಸರ್ಕಾರ ತನ್ನ ಶಿಕ್ಷಣ ನೀತಿ ಹೊರಡಿಸಿತು. ಕಡ್ಡಾಯ ಬೇಡ ಅಂತ ಅದರಲ್ಲೂ ಹೇಳಿತು. ಆದರೆ ಮಾಸ್ತರರ ಬಗ್ಗೆ ಎರಡು ಮಾತು ಇತ್ತು. ತರಬೇತಿ ಪಡೆದ ಶಿಕ್ಷಕನಿಗೆ ತಿಂಗಳಿಗೆ 12 ರೂಪಾಯಿಗೆ ಕಡಿಮೆ ಇಲ್ಲದ ಪಗಾರ ಕೊಡಬೇಕು. ಒಬ್ಬ ಶಿಕ್ಷಕನಿಗೆ 50ಕ್ಕಿಂತ ಹೆಚ್ಚು ಮಕ್ಕಳು ಇರಬಾರದು, 30 ಅಥವಾ 40 ಇದ್ದರೆ ಒಳ್ಳೆಯದು.

ಈ 12 ರೂಪಾಯಿಯನ್ನು ಸ್ವಲ್ಪ ನಿಂತು ನೋಡ್ರಿ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆ ಇದೇ ವಿಷಯ ಎತ್ತಿದ್ದರು. ರೈತರ ಕಂದಾಯದಿಂದ ಖಜಾನೆ ತುಂಬುತ್ತದೆ, ರೈತರ ಮಕ್ಕಳ ಶಾಲೆಗೆ ಮಾತ್ರ ದುಡ್ಡಿಲ್ಲ ಅಂತ ಹೇಳಿ, ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಕನಿಷ್ಠ 12 ರೂಪಾಯಿ ಕೊಡಿ, ದೊಡ್ಡ ಹಳ್ಳಿಗಳಲ್ಲಿ 15 ಅಥವಾ 20 ಕೊಡಿ ಅಂತ ಕೇಳಿದ್ದರು. 31 ವರ್ಷ ಕಳೆದ ಮೇಲೆ ಸರ್ಕಾರ ಬಂದು ನಿಂತಿದ್ದು ಅದೇ 12ಕ್ಕೆ! ಗೋಖಲೆ ಮಸೂದೆಯಲ್ಲಿ ಫೀ ಕಟ್ಟಲಾಗದ ಬಡವ ಅಂತ ಲೆಕ್ಕ ಹಾಕಿದ್ದು 10 ರೂಪಾಯಿ ಒಳಗಿನ ಆದಾಯದವನನ್ನು. ಆ ಬಡವನಿಗೂ ಅವನ ಮಗುವಿಗೆ ಕಲಿಸುವ ಮಾಸ್ತರನಿಗೂ ಇದ್ದ ಅಂತರ ಬರೀ 2 ರೂಪಾಯಿ.

ಸೋತ ಮಸೂದೆ ಎಲ್ಲಿಗೆ ಮುಟ್ಟಿತು

ಗೋಖಲೆ 1905ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದರು, ಅದೇ ವರ್ಷ ಭಾರತ ಸೇವಕ ಸಮಾಜ ಕಟ್ಟಿದ್ದರು. 1912ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಗಾಂಧೀಜಿಯವರ ಜೊತೆ ಅಲ್ಲಿನ ಭಾರತೀಯರ ಕಷ್ಟ ನೋಡಿ ಬಂದರು. ಸರ್ಕಾರ ಕೊಡಲು ಬಂದ ಸರ್ ಪದವಿ ಬೇಡ ಅಂದರು. ಸಕ್ಕರೆ ಕಾಯಿಲೆ, ಓಡಾಟ ಎರಡೂ ಸೇರಿ ದೇಹ ಸೋತಿತ್ತು. ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ 48 ವರ್ಷ.

ಮಸೂದೆ ಮಾತ್ರ ಅವರ ಜೊತೆ ಸಾಯಲಿಲ್ಲ. 1913ರಲ್ಲೇ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯ್ದೆ ತಂದಿತು. ಪುಣೆಯಲ್ಲಿ ಇದ್ದ ಕಾಲದಿಂದ ವಿಶ್ವೇಶ್ವರಯ್ಯನವರಿಗೆ ರಾನಡೆ, ಗೋಖಲೆ ಇಬ್ಬರ ಪರಿಚಯವೂ ಇತ್ತು. ನಮ್ಮ ಭಾಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ 1918ರಲ್ಲಿ ವಿಠ್ಠಲಭಾಯಿ ಪಟೇಲರು ಮುನ್ಸಿಪಾಲಿಟಿಗಳಿಗೆ ಕಡ್ಡಾಯ ಶಿಕ್ಷಣದ ಅಧಿಕಾರ ಕೊಡುವ ಕಾಯ್ದೆ ಪಾಸು ಮಾಡಿಸಿದರು. ಡಿ.ವಿ.ಜಿ. ಅವರು ಕನ್ನಡದಲ್ಲಿ ಗೋಖಲೆಯವರ ಜೀವನಚರಿತ್ರೆ ಬರೆದರು, ಬೆಂಗಳೂರಿನಲ್ಲಿ 1945ರಲ್ಲಿ ಗೋಖಲೆ ಹೆಸರಿನ ಸಾರ್ವಜನಿಕ ಸಂಸ್ಥೆಯನ್ನೇ ಕಟ್ಟಿದರು.

6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎನ್ನುವ ಕಾಯ್ದೆ ದೇಶದಲ್ಲಿ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಗೋಖಲೆ ಠರಾವು ಮಂಡಿಸಿದ್ದು 1910ರ ಮಾರ್ಚ್ 18ರಂದು. ಸರಿಯಾಗಿ ನೂರು ವರ್ಷ, ಮೇಲೆ ಎರಡು ವಾರ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಅಂತ ಈ ಕಾಯ್ದೆ ಹೇಳುತ್ತದೆ.

ಈಗ ನಮ್ಮ ಮುಂದಿರುವುದು

ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಇಡಿ ಅಂತ 1966ರಲ್ಲೇ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಶೇ. 6ನ್ನು ಮತ್ತೆ ಬರೆದಿದೆ. ಮತ್ತೆ ಬರೆಯಬೇಕಾಗಿ ಬಂದಿದ್ದೇ ಅಷ್ಟು ಕೊಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ಕಾಯಂ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಪಾಠ ಮಾಡುತ್ತಾರೆ. ಅವರಿಗೆ ಸಿಗುವುದು ಪಗಾರ ಅಲ್ಲ, ಗೌರವಧನ. ಅದು ತಡವಾದಾಗ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಗೊತ್ತಾಗುತ್ತದೆ.

ಮಾಸ್ತರ ಅಂದ್ರೆ ತ್ಯಾಗಿ, ದೇವರ ಸಮಾನ ಅಂತ ಸೆಪ್ಟೆಂಬರ್ 5ರಂದು ಶಾಲು ಹೊದಿಸುತ್ತೇವೆ. ಒಳ್ಳೆಯದೇ. ಆದರೆ ತ್ಯಾಗ ಅನ್ನುವುದು ತಾನಾಗಿ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದಲ್ಲ. ಗೋಖಲೆ 75 ರೂಪಾಯಿಗೆ ಒಪ್ಪಿಕೊಂಡಿದ್ದು ತಮ್ಮ ಇಚ್ಛೆಯಿಂದ.

ಆದಾಯ ತೆರಿಗೆ ಕಟ್ಟುವ ವ್ಯಾಪಾರಸ್ಥರು ಇವತ್ತು ಅದರ ಮೇಲೆ ಶೇ. 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಸೆಸ್ಸನ್ನೂ ಕಟ್ಟುತ್ತಾರೆ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಶಾಲೆಯ ಬಣ್ಣಕ್ಕೆ ಚಂದಾ ಕೇಳಲು ಬಂದವರಿಗೆ ಕೈಲಾದಷ್ಟು ಕೊಡಿ. ಹಾಗೇ ಪಂಚಾಯಿತಿ ಸಭೆಯಲ್ಲಿ, ಶಾಸಕರು ಊರಿಗೆ ಬಂದಾಗ ನಮ್ಮ ಶಾಲೆಗೆ ಎಷ್ಟು ಶಿಕ್ಷಕರ ಹುದ್ದೆ ಇದೆ, ಎಷ್ಟು ಖಾಲಿ ಇದೆ, ಅತಿಥಿ ಶಿಕ್ಷಕರಿಗೆ ಯಾವ ತಿಂಗಳ ತನಕ ದುಡ್ಡು ಬಂದಿದೆ ಅಂತ ಅಂಕಿ ಹಿಡಿದು ಕೇಳಿ. ಗೋಖಲೆ ಮಾಸ್ತರರು ವೈಸ್‌ರಾಯ್ ಸಭೆಯಲ್ಲಿ ಮಾಡಿದ್ದು ಇದೇ ಕೆಲಸ.